ಎಡದ ಲೈಟಿನ ಗೀರು

ಇವತ್ತು ಆದಿತ್ಯವಾರ, ಬೆಳಿಗ್ಗೆ ಅಂಗಳದಿಂದ ಟೂತ್‌ಪೇಸ್ಟಿನ ವಾಸನೆ ಬಂತು. ಇಷ್ಟು ಹೊತ್ತು ಏರಿದ ಮೇಲೆ ಯಾರು ಹಲ್ಲುಜ್ಜುದು ಅಂತ ಹೊರಗೆ ಬಂದು ನೋಡಿದರೆ, ಸೊಸೆ ಕಾರಿನ ಎದುರು ಕುಕ್ಕರುಗಾಲಲ್ಲಿ ಕೂತು ಅದರ ಲೈಟಿಗೆ ಪೇಸ್ಟು ಹಚ್ಚಿ ಬಟ್ಟೆಯಲ್ಲಿ ಉಜ್ಜುತ್ತಿದ್ದಳು. ಸುಳ್ಯದಲ್ಲಿ ಅವಳದ್ದೊಂದು ಟೈಲರ್ ಅಂಗಡಿ ಉಂಟು. ಹೋಗಿ ಬರ್ಲಿಕ್ಕೆ ಅಂತ ಹಳೇ ಕಾರು ತೆಗೊಂಡಿದ್ದಾಳೆ. ಅದರ ಲೈಟಿನ ಮೇಲಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗಿ, ಪೊರೆ ಬಂದ ಕಣ್ಣಿನ ಹಾಗೆ ಮಬ್ಬಾಗಿತ್ತು. ಪೇಸ್ಟು ಹಚ್ಚಿದರೆ ಹೋಗ್ತದೆ ಅಂತ ಮೊಬೈಲಿನಲ್ಲಿ ಯಾರೋ ತೋರಿಸಿದ್ದಂತೆ.

"ಅದು ಪೇಸ್ಟಿಗೆ ಹೋಗುವ ಹಳದಿ ಅಲ್ಲ," ಅಂದೆ. "ನೀರು ಹಾಕಿ ತಿಕ್ಕುವ ಪಾಲಿಶ್ ಪೇಪರು ಬೇಕು. ಮೊದಲು ದೊರಗಿನದ್ದು, ಮತ್ತೆ ನಯದ್ದು. ಪೇಸ್ಟು ಕೊನೆಗೆ."

"ಅತ್ತೆ ಯಾವಾಗ ಗ್ಯಾರೇಜಿಗೆ ಹೋಗಿದ್ದು?" ಅಂತ ನಗಾಡಿದಳು.

ನಾನು ಒಳಗೆ ಹೋಗಿ ಕೂತೆ. ಆ ವಾಸನೆ ಅಲ್ಲಿಗೂ ಬಂತು…

ನಮ್ಮ ಮನೆಯಿಂದ ಸ್ವಲ್ಪ ಮೇಲೆ, ರಸ್ತೆ ಬದಿಯಲ್ಲಿ ಮಾಷ್ಟ್ರ ಮನೆ ಇತ್ತು. ಊರಿಗೆಲ್ಲ ಅವರು ಮಾಷ್ಟ್ರು, ನನಗೂ ಮಾಷ್ಟ್ರೇ. ನಾನು ಶಾಲೆಗೆ ಹೋದದ್ದು ಒಂದನೇ ಕ್ಲಾಸಿನ ಅರ್ಧ. ಮನೆ ಮಾತು ಅರೆಭಾಷೆ. ಕನ್ನಡ ಆಡ್ಲಿಕ್ಕೆ ಬರ್ತಿತ್ತು, ಬರೀಲಿಕ್ಕೆ ಇಲ್ಲ. ಮದುವೆಯಾಗಿ ಮಗ ಹುಟ್ಟಿದ ಮೇಲೆ ಅವರೇ ನನ್ನನ್ನು ಅವರ ಜಗಲಿಯಲ್ಲಿ ಕೂರಿಸಿ ಅಕ್ಷರ ಕಲಿಸಿದ್ದು. ಆಗ ನಾನು ಮೇಸ್ತ್ರಿಗಳ ಜೊತೆ ಮನೆಮನೆಗೆ ಹೋಗಿ ಕೆಂಪು ಸಿಮೆಂಟಿನ ನೆಲ ತಿಕ್ಕುವ ಕೆಲಸ ಮಾಡ್ತಿದ್ದೆ. ನೀರು ಹಾಕಿ, ಕಲ್ಲಿನಲ್ಲಿ, ಮುಖ ಕಾಣುವವರೆಗೆ ತಿಕ್ಕುದು. ಬಳಪ ಹಿಡಿಯುವಾಗ ಬೆರಳು ಬಗ್ಗುತ್ತಿರಲಿಲ್ಲ. ನೆಲಕ್ಕೆ ಹೊಳಪು ಬರಿಸುವ ಕೈಗೆ ಇದು ಯಾವ ಮಹಾ ಅಂತ ಅವರು ಹೇಳ್ತಿದ್ದರು. ಒಳ್ಳೆಯ ಮನುಷ್ಯ. ಇದನ್ನು ನಾನು ಈಗಲೂ ಅಳಿಸುದಿಲ್ಲ.

ನನ್ನ ಯಜಮಾನರು ದಿನಾ ಸಾಯಂಕಾಲ ಅಲ್ಯುಮಿನಿಯಮ್ಮಿನ ಹಾಲಿನ ಕ್ಯಾನು ಹಿಡ್ಕೊಂಡು ಸೊಸೈಟಿಗೆ ನಡೆದು ಹೋಗುದು, ಹಾಲು ಅಳೆದು ಕೊಟ್ಟು ಕತ್ತಲೆ ಆಗುವಾಗ ಬರುದು. ಪ್ರಾಯದಲ್ಲಿ ಅವರು ಚೆನ್ನಾಗಿ ಕುಡೀತಿದ್ದರು. ಸುಳ್ಳು ಹೇಳಿ ಪ್ರಯೋಜನ ಇಲ್ಲ. ರಸ್ತೆಯಲ್ಲಿ ಬಿದ್ದವರನ್ನು ನಾನೇ ಎಳ್ಕೊಂಡು ಬಂದದ್ದುಂಟು. ಮಗ ಹುಟ್ಟಿದ ವರ್ಷ ಬಿಟ್ಟರು. ಯಾರೂ ಬಿಡಿಸಿದ್ದಲ್ಲ, ಆಣೆ ಇಲ್ಲ, ಔಷಧಿ ಇಲ್ಲ. ಕೈ ನಡುಗ್ತಿತ್ತು, ಹಾಗೇ ನಡುಗಿಸಿಕೊಂಡು ಬಿಟ್ಟರು. ಜನ ಮರೆಯಲಿಕ್ಕೆ ಮಾತ್ರ ತುಂಬಾ ವರ್ಷ ಹಿಡಿಯಿತು.

ಒಂದು ಮಳೆಗಾಲದ ಸಾಯಂಕಾಲ ಅವರು ಬರಲಿಲ್ಲ. ತಿರುವಿನ ಹತ್ತಿರ ಚರಂಡಿಯಲ್ಲಿ ಬಿದ್ದಿದ್ದರು. ತೊಡೆಯ ಎಲುಬು ಮುರಿದಿತ್ತು, ಕ್ಯಾನು ನಜ್ಜುಗುಜ್ಜಾಗಿತ್ತು. ಆಟೋದಲ್ಲಿ ಹಾಕಿ ಪುತ್ತೂರಿನ ಆಸ್ಪತ್ರೆಗೆ ತೆಗೊಂಡು ಹೋದೆವು. ಯಾವುದೋ ಕಾರು ಬಡಿದು ನಿಲ್ಲಿಸದೆ ಹೋಯ್ತು ಅಂತ ಅವರು ದಾರಿಯುದ್ದಕ್ಕೂ ಹೇಳಿದರು. ನಂಬರು ನೋಡಲಿಲ್ಲ. ಬೆಳಕು ಮಾತ್ರ ನೆನಪಿತ್ತು. ಹಳದಿ ಬೆಳಕು, ಒಂದು ಬದಿ ಹಾಲು ಹಾಕದ ಚಾದ ಹಾಗೆ ಕಂದು, ಇನ್ನೊಂದು ಬದಿ ತೆಳು. ಹತ್ತಿರ ಬರುವವರೆಗೆ ಕಾರು ಅಂತಲೇ ಗೊತ್ತಾಗಲಿಲ್ಲವಂತೆ.

ಮರುದಿನ ಬೆಳಿಗ್ಗೆ ನಾನು ಮಗನನ್ನು ಅಲ್ಲಿ ಕೂರಿಸಿ ಬಟ್ಟೆ ತರಲಿಕ್ಕೆ ಮನೆಗೆ ಬಂದೆ. ಮಾಷ್ಟ್ರು ಗೇಟಿನಲ್ಲೇ ಕಾಯ್ತಿದ್ದರು. ಬಸ್ಸಿಗೆ ಹೋಗ್ಬೇಡಿ, ಆಸ್ಪತ್ರೆಯಿಂದ ಬಿಡುವವರೆಗೆ ನಾನೇ ದಿನಾ ಕಾರಿನಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೇನೆ ಅಂದರು. ನನಗೆ ಕಣ್ಣು ತುಂಬಿತು. ಹಾಗೇ ಮಾತಿನ ಮಧ್ಯೆ ಹೇಳಿದರು, ಬರುವಾಗ ಕತ್ತಲೆ ಆಗ್ತದೆ, ಕಾರಿನ ಲೈಟು ಮಬ್ಬಾಗಿದೆ, ನಿಮ್ಮ ಕೈಯಲ್ಲಿ ಒಮ್ಮೆ ತಿಕ್ಕಿ ಕೊಟ್ಟರೆ ಒಳ್ಳೆದಿತ್ತು ಅಂತ. ಪೇಪರು, ಟೇಪು, ಬಕೆಟಿನಲ್ಲಿ ನೀರು, ಎಲ್ಲ ತಯಾರಿತ್ತು.

ಬಣ್ಣಕ್ಕೆ ತಾಗಬಾರದು ಅಂತ ಸುತ್ತ ಟೇಪು ಹಾಕಿದೆ. ಪೇಪರು ನೆನೆಸಿ ತಿಕ್ಕಿದೆ. ಹಳದಿ ನೀರು ಇಳಿಯಿತು, ಅರಸಿನದ ಕೈ ತೊಳೆದ ನೀರಿನ ಹಾಗೆ. ಮೊದಲು ಲೈಟು ಪೂರ್ತಿ ಬೆಳ್ಳಗಾಗಿ ಇನ್ನೂ ಕೆಡ್ತದೆ, ಅಲ್ಲಿ ಹೆದರಿ ಬಿಡಬಾರದು. ನೆಲವೂ ಹಾಗೇ. ನಯದ ಪೇಪರಿಗೆ ಬಂದ ಮೇಲೆ ಅದು ತಾನೇ ತಿಳಿಯಾಗ್ತದೆ. ಕೊನೆಗೆ ಮಾಷ್ಟ್ರು ಮನೆಯೊಳಗಿಂದ ಟೂತ್‌ಪೇಸ್ಟು ತಂದು ಕೊಟ್ಟರು. ಮೇಲೆ ಒಂದು ವಾರ್ನಿಸು ಎಳೆಯದಿದ್ದರೆ ವರ್ಷದಲ್ಲಿ ಪುನಃ ಹಳದಿ ಬರ್ತದೆ ಅಂತ ನಾನು ಹೇಳಿದೆ. ಅದು ಮತ್ತೆ ನೋಡುವ ಅಂದರು.

ಎಡದ ಲೈಟಿನ ಮೇಲೆ ಒಂದು ಉದ್ದ ಗೀರಿತ್ತು. ಗೀರಿನ ಒಳಗೆ ಬೆಳ್ಳಿ ಬಣ್ಣದ ಹುಡಿ ಕೂತಿತ್ತು. ಇದೆಂತ ಅಂತ ಕೇಳಿದೆ. ಗೇಟು ತಾಗಿದ್ದು ಅಂದರು. ಅದು ಹೋಗಲಿಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಅಲ್ಲೇ ತಿಕ್ಕಿದೆ. ಪೂರ್ತಿ ಹೋಯ್ತು.

ಪೊಲೀಸಿನವರೊಬ್ಬರು ಸೊಸೈಟಿಗೆ ಬಂದು ವಿಚಾರಿಸಿದರು. ಹಾಲು ಕೊಡಲಿಕ್ಕೆ ಹೋದ ನಾನೂ ಅಲ್ಲಿದ್ದೆ. ಹಳದಿ ಲೈಟಿನ ಕಾರು ಈ ದಾರಿಯಲ್ಲಿ ಯಾರದ್ದುಂಟು ಅಂತ ಕೇಳಿದರು. ಇದ್ದ ಕಾರುಗಳನ್ನೆಲ್ಲ ನೋಡಿದರು. ಮಾಷ್ಟ್ರ ಕಾರಿನ ಲೈಟು ಕನ್ನಡಿಯ ಹಾಗಿತ್ತು. ಅಕ್ಷರ ಕಲಿಸಿದವರ ಮೇಲೆ ಸಂಶಯ ಪಡ್ಲಿಕ್ಕೆ ನನಗೆ ಹೊಳೆಯಲೇ ಇಲ್ಲ. ಹಾಲು ಅಳೆಯುವವ ನಗಾಡಿದ: "ಹಳದಿ ಕಂಡದ್ದು ಲೈಟಲ್ಲ ಮಾರಾಯ್ರೆ, ಬಾಟ್ಲಿ." ಎಲ್ಲರೂ ನಗಾಡಿದರು. ಅಲ್ಲೇ ನಿಂತಿದ್ದ ಮಾಷ್ಟ್ರು ಮಾತ್ರ ನಗಲಿಲ್ಲ. "ಇರ್ಲಿ ಬಿಡಿ, ಪಾಪ. ನೋವಿನಲ್ಲಿ ಎಂತದೋ ಹೇಳಿದ್ದು," ಅಂದರು.

ನನ್ನ ಪರವಾಗಿ ಮಾತಾಡಿದರು ಅಂತ ಆಗ ನಾನು ತಿಳ್ಕೊಂಡೆ.

ಯಜಮಾನರು ಕೋಲು ಹಿಡ್ಕೊಂಡು ಮನೆಗೆ ಬಂದರು. ಬಾಟ್ಲಿಯ ಮಾತು ಅವರ ಕಿವಿಗೂ ಬಿತ್ತು. ಅವರು ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಸೊಸೈಟಿಯ ಕಡೆ ಹೋಗುದನ್ನು ಬಿಟ್ಟರು, ಅಷ್ಟೇ. ಒಮ್ಮೆ ನನ್ನನ್ನೇ ಕೇಳಿದರು, ನೀನಾದರೂ ನಂಬ್ತೀಯಾ ಅಂತ. ನಂಬ್ತೇನೆ ಅಂದೆ. ಆದರೆ ಸ್ವಲ್ಪ ತಡೆದು ಅಂದೆ. ಅದು ಅವರಿಗೆ ಗೊತ್ತಾಯ್ತು…

ಮುಂದಿನ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ನಾವಿಬ್ಬರೂ ಅಂಗಡಿಯಿಂದ ಬರ್ತಿದ್ದೆವು. ಕತ್ತಲೆ ಬೀಳುವ ಹೊತ್ತು. ತಿರುವಿನಲ್ಲಿ ಎದುರಿನಿಂದ ಒಂದು ಕಾರು ಬಂತು. ಯಜಮಾನರು ನನ್ನ ಕೈ ಹಿಡಿದರು, ಬಳೆ ಒಡೆಯುವ ಹಾಗೆ. "ಇದೇ ಬೆಳಕು ಮಾರಾಯ್ತಿ," ಅಂದರು. "ಇದೇ." ನೋಡಿದೆ. ಒಂದು ಬದಿ ಕಂದು, ಒಂದು ಬದಿ ತೆಳು. ಕಾರು ಹತ್ತಿರ ಬಂದು ನಿಂತಿತು. ಮಾಷ್ಟ್ರು ತಲೆ ಹೊರಗೆ ಹಾಕಿ, ಹತ್ತಿ, ಮನೆಗೆ ಬಿಡ್ತೇನೆ ಅಂದರು. ಯಜಮಾನರು ಬೇಡ ಅಂದರು. ಮನೆಗೆ ಬಂದು ನಾನು ಕೊಟ್ಟಿಗೆಯ ಮೂಲೆಯಲ್ಲಿದ್ದ ನಜ್ಜಿದ ಕ್ಯಾನು ತೆಗೆದು ನೋಡಿದೆ. ಆ ಗೀರಿನೊಳಗಿನ ಬೆಳ್ಳಿ ಬಣ್ಣದ ಹುಡಿ ಎಲ್ಲಿಯದ್ದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಗಂಡನ ಮಾತು ಸತ್ಯ ಅಂತ ತೋರಿಸಲಿಕ್ಕೆ ಇದ್ದದ್ದು ಅದೊಂದೇ ಗುರುತು. ಅದನ್ನು ನನ್ನ ಕೈಯಿಂದಲೇ ತಿಕ್ಕಿಸಿದ್ದರು.

ಅದೇ ವಾರ ಮಾಷ್ಟ್ರು ಪಾಲಿಶ್ ಪೇಪರು ಹಿಡ್ಕೊಂಡು ಬಂದರು. ಅಕ್ಕ, ಪುನಃ ಹಳದಿ ಆಯ್ತು, ಒಮ್ಮೆ ತಿಕ್ಕಿ ಕೊಡ್ತೀರಾ ಅಂತ ಕೇಳಿದರು. ಯಜಮಾನರು ಒಳಗೆ ಮಲಗಿದ್ದರು.

"ಮಾಷ್ಟ್ರೇ," ಅಂದೆ, "ಆ ಗೀರು ನಿಮ್ಮ ಗೇಟಿನದ್ದಾ, ನಮ್ಮ ಕ್ಯಾನಿನದ್ದಾ?"

ಅವರು ಮೆಟ್ಟಿಲಿನಲ್ಲಿ ಕೂತರು. ಪೇಪರನ್ನು ಮಡಚಿದರು, ಬಿಡಿಸಿದರು.

"ಮಳೆ ಇತ್ತು ಅಕ್ಕ. ಕಾಣ್ಲಿಲ್ಲ. ಮತ್ತೆ ನಿಲ್ಲಿಸ್ಲಿಕ್ಕೆ ಧೈರ್ಯ ಬರ್ಲಿಲ್ಲ."

ನಾನು ಬೈಯಲಿಲ್ಲ. ಕೇಸು ಬೇಡ, ದುಡ್ಡೂ ಬೇಡ ಅಂದೆ. ಬಡಿದದ್ದನ್ನು ಬಿಡುವ, ಕತ್ತಲೆ, ಮಳೆ, ಯಾರಿಗೂ ಆಗುವಂತದ್ದು. "ಬಾಟ್ಲಿ ಅಂತ ಜನ ನಗಾಡಿದ್ದುಂಟಲ್ಲ, ಅದೇ ಸೊಸೈಟಿಗೆ ನಾಳೆ ಬೆಳಿಗ್ಗೆ ಬನ್ನಿ. ಅವರು ಕುಡಿದಿರಲಿಲ್ಲ ಅಂತ ಅಷ್ಟೇ ಜನರೆದುರು ಹೇಳಿ. ನೀವು ಹೇಳಿದರೆ ಜನ ಕೇಳ್ತಾರೆ."

"ಹೇಳ್ತೇನೆ," ಅಂದರು. ನನ್ನ ಮುಖ ನೋಡಿಯೇ ಅಂದರು.

ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಮರುದಿನ ಅವರು ಬೇಗ ಎದ್ದು ಮಿಂದರು. ಗಡ್ಡ ತೆಗೆದರು. ಮದುವೆಮನೆಗೆ ಹಾಕುವ ಬಿಳಿ ಅಂಗಿ ಹಾಕಿದರು. ಕೋಲು ಊರಿಕೊಂಡು ನನ್ನ ಜೊತೆ ಸೊಸೈಟಿಗೆ ಬಂದರು. ಎಂತ ಅಪರೂಪ, ಎಲ್ಲಿಗೆ ಸವಾರಿ ಅಂತ ಜನ ಕೇಳಿದರು. ಸುಮ್ಮನೆ ಬಂದದ್ದು ಅಂದರು. ಹಾಲು ಹಾಕುವವರು ಬಂದರು, ಹೋದರು. ಹಾಲಿನ ವ್ಯಾನು ಬಂತು, ಹೋಯ್ತು. ಅಳೆಯುವವ ಪಾತ್ರೆ ತೊಳೆದು ಬಾಗಿಲು ಎಳೆದ. ಬಿಸಿಲು ಮೆಟ್ಟಿಲಿನವರೆಗೆ ಬಂತು.

ಮಾಷ್ಟ್ರು ಬರಲಿಲ್ಲ.

ಹೋಗುವ ಅಂತ ಯಜಮಾನರೇ ಹೇಳಿದರು. ಮನೆಗೆ ಬಂದು ಆ ಅಂಗಿ ಬಿಚ್ಚಿ, ಮಡಚಿ, ಪೆಟ್ಟಿಗೆಯಲ್ಲಿ ಇಟ್ಟರು.

ಆಮೇಲೆ ಮಾಷ್ಟ್ರ ಮನೆಗೆ ಬೀಗ ಬಿತ್ತು. ಕಾರು ಮಾರಿದರಂತೆ, ಬೆಟ್ಟಂಪಾಡಿಯಲ್ಲಿ ಮಗಳ ಮನೆಗೆ ಹೋದರಂತೆ. ನಾನು ನಾಲ್ಕು ಜನರ ಹತ್ತಿರ ಹೇಳಿ ನೋಡಿದೆ. ಗಂಡನನ್ನು ನೋಡಲಿಕ್ಕೆ ದಿನಾ ಕಾರಿನಲ್ಲಿ ಕರ್ಕೊಂಡು ಹೋದವರಿಗೆ ಹೀಗೆ ಹೇಳ್ತೀರಲ್ಲ ಅಂತ ನನಗೇ ಬುದ್ಧಿ ಹೇಳಿದರು. ಬಾಯಿ ಮುಚ್ಚಿದೆ. ಯಜಮಾನರು ಮತ್ತೆ ಸೊಸೈಟಿಯ ಮೆಟ್ಟಿಲು ಹತ್ತಲಿಲ್ಲ. ತೀರಿಕೊಂಡಾಗ ಆ ಬಿಳಿ ಅಂಗಿಯನ್ನೇ ಹಾಕಿ ಕಳಿಸಿದೆ. ಅವತ್ತು ಬಂದ ಜನರಲ್ಲಿ ಒಬ್ಬ, ಪಾಪದ ಮನುಷ್ಯ, ಆ ಒಂದು ಅಭ್ಯಾಸ ಇಲ್ಲದಿದ್ದರೆ ಅಂದ. ನನಗೆ ಕೇಳಿತು.

ಕಳೆದ ತಿಂಗಳು ಮಾಷ್ಟ್ರೂ ಹೋದರು ಅಂತ ಸುದ್ದಿ ಬಂತು. ನಾನು ಹೋಗಲಿಲ್ಲ. ಅಳು ಬರಲಿಲ್ಲ. ಇಷ್ಟು ವರ್ಷ ಒಂದು ದಿನ ಬಂದು ಹೇಳಿಯಾರು ಅಂತ ನಾನು ಕಾಯ್ತಾ ಇದ್ದೆ ಅಂತ ಆಗಲೇ ನನಗೆ ಗೊತ್ತಾದದ್ದು. ಇನ್ನು ಅವರು ಹೇಳುದಿಲ್ಲ. ಜಗಲಿಯಲ್ಲಿ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವರು ಅವರೇ, ಅವರೂ ಇಲ್ಲ…

ಸಾಯಂಕಾಲ ಸೊಸೆ ಪೇಪರು ತಂದಳು. ನಾನೇ ಕೂತು ತಿಕ್ಕಿಕೊಟ್ಟೆ. ಮೊದಲು ಲೈಟನ್ನು ಚೆನ್ನಾಗಿ ನೋಡಿದೆ, ಗೀರು ಏನಾದರೂ ಉಂಟಾ ಅಂತ. ಇರಲಿಲ್ಲ. ಇದು ಎಷ್ಟು ದಿನ ಬರ್ತದೆ ಅತ್ತೆ ಅಂತ ಕೇಳಿದಳು. ಮೇಲೆ ವಾರ್ನಿಸು ಎಳಿ, ಇಲ್ಲದಿದ್ದರೆ ವರ್ಷದಲ್ಲಿ ಹಳದಿ ಹೊರಗೆ ಬರ್ತದೆ ಅಂದೆ.

ಕೈ ತೊಳೆದು ಬಂದು ಇದನ್ನು ಬರೀಲಿಕ್ಕೆ ಕೂತದ್ದು. ಮಾಷ್ಟ್ರು ಹೇಳದೆ ಹೋದದ್ದನ್ನು ಅವರು ಕಲಿಸಿದ ಅಕ್ಷರದಲ್ಲೇ ನಾನು ಬರೀತೇನೆ. ಆ ಸಾಯಂಕಾಲ ನನ್ನ ಗಂಡ ಕುಡಿದಿರಲಿಲ್ಲ.