ಬೊಲೋನ್ಯಾದಲ್ಲಿ ಡನೀಡಿನ್ ಸೂರ್ಯಾಸ್ತ

ಅವನನ್ನು ತಡೆದದ್ದು ನಾನೇ ಎಂಬ ನೆನಪು, ಖಾತ್ರಿಯಿಲ್ಲ. ದಕ್ಷಿಣ ಗೋಳಾರ್ಧದ ಡನೀಡಿನ್‌ನಲ್ಲಿ ಓದುತ್ತಿದ್ದಾಗ ಹುಬ್ಬಳ್ಳಿಯ ಫ್ಲ್ಯಾಟ್‌ಮೇಟ್ ಜೊತೆ ಇಟಲಿಯ ಬೊಲೋನ್ಯಾಕ್ಕೆ ಹೋಗಿದ್ದೆ. ಸೆಪ್ಟೆಂಬರ್, ಅವನಿಗೆ ರಂಜಾನ್ ಉಪವಾಸದ ದಿನಗಳು. ಸಂಜೆ ಹಳೆಯ ಚೌಕದಲ್ಲಿ ಯಾರೋ ಅಕಾರ್ಡಿಯನ್ ನುಡಿಸುತ್ತಿದ್ದರು. ಅಲ್ಲಿನ ಕೆಫೆಯಲ್ಲಿ ನಾವು ಕೇಳಿದ್ದು ಬರೀ ಜ್ಯೂಸ್, ಆ ಊರಿನ ರೂಢಿಯಂತೆ ಜೊತೆಗೆ ಆಲಿವ್, ತಿಂಡಿಯ ತಟ್ಟೆಗಳೂ ಬಂದವು. ಅವನು ಗಡಿಯಾರ ನೋಡಿ, ತಾನು ತಂದಿದ್ದ ಖರ್ಜೂರವನ್ನು ಬಾಯಿಗೆ ಒಯ್ದ.

“ತಡಿಯೋ ಮಾರಾಯ, ಎದುರಿನ ಗೋಪುರದ ಮೇಲೆ ಇನ್ನೂ ಬಿಸಿಲಿದೆ,” ಎಂದೆ.

“ಯಪ್ಪಾ, ಡನೀಡಿನ್‌ನ್ಯಾಗ ಬಿಡೋ ಟೈಮಿಗೇ ಇಲ್ಲೂ ರೋಜಾ ಬಿಡಾಕತ್ತಿದ್ನಲ್ಲೋ. ದಿನವೆಲ್ಲ ಹಸಿದಿದ್ದು ಹಾಳಾಗ್ತಿತ್ತು.”

ಈಗ ನೆಲ್ಸನ್ ಎಂಬ ಊರಿನಲ್ಲಿರುವ ಅವನು ಫೋನಿನಲ್ಲಿ ನಗುತ್ತಾನೆ: “ಬಿಸಿಲು ನೋಡಿದಾಂವ ನಾನು. ನೀ ಆಲಿವ್ ತಿನ್ನೋದ್ರಾಗ ಮುಳುಗಿದ್ದಿ.”

ಇರಬಹುದು. ಒಂದನ್ನು ಮಾತ್ರ ಆಮೇಲೆ ಹುಡುಕಿ ಖಚಿತಪಡಿಸಿಕೊಂಡೆ: ಆ ವಾರ ಬೊಲೋನ್ಯಾದ ಗಡಿಯಾರದಲ್ಲಿ ಸೂರ್ಯ ಮುಳುಗುತ್ತಿದ್ದದ್ದು ಡನೀಡಿನ್‌ಗಿಂತ ಸುಮಾರು ಒಂದು ಗಂಟೆ ತಡವಾಗಿ.