ಬೋರಿಗೆ ಹದಿನೈದು ರೂಪಾಯಿ

ಎಡಗೈ ತೋರುಬೆರಳಿನ ಉಗುರನ್ನು ಮಾತ್ರ ಅವರು ಬೆಳೆಸಿದ್ದರು. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದರು. ಎಂಜಿನ್ ಬ್ಲಾಕು ಎದುರಿಗೆ ಬಂದರೆ ಆ ಉಗುರನ್ನು ಸಿಲಿಂಡರಿನ ಒಳಗೋಡೆಗೆ ತಾಗಿಸಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆಯುತ್ತಿದ್ದರು. ಉಗುರು ಎಲ್ಲಿ ಎಡವಿತೋ ಅಲ್ಲಿ ಸವೆತ. ಗೇಜು ಹಿಡಿದು ಅಳೆಯುವುದು ಆಮೇಲೆ.

ಗೋಣಿಕೊಪ್ಪಲಿನ ಸಂತೆ ದಾರಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಒಂದು ಲೇಥು, ಒಂದು ಬೋರಿಂಗ್ ಯಂತ್ರ, ಎರಡನ್ನೂ ತಿರುಗಿಸಲು ಬೆಲ್ಟು ಹಾಕಿದ ಆಯಿಲ್ ಎಂಜಿನ್ನು. ಊರೆಲ್ಲ ಅವರನ್ನು ಲೇಥ್ ಮೇಸ್ತ್ರಿ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಜ್ವರ ಬಂದು ಎಂಟೇ ದಿನದಲ್ಲಿ ನನ್ನ ಯಜಮಾನರು ತೀರಿಕೊಂಡಾಗ ನನಗೆ ಇಪ್ಪತ್ತಾರು ವರ್ಷ. ಉಳಿದದ್ದು ಎರಡು ಹೆಣ್ಣುಮಕ್ಕಳು, ಭಾಗಮಂಡಲದಿಂದ ಮಡಿಕೇರಿಗೆ ಓಡುವ ಒಂದು ಬಸ್ಸು. ಮೂರೇ ತಿಂಗಳಲ್ಲಿ ಬಸ್ಸೂ ಕೈಕೊಟ್ಟಿತು. ಹೊಗೆ, ಆಯಿಲ್ಲಿನಲ್ಲಿ ನೀರು. ಮಡಿಕೇರಿಯ ವರ್ಕ್‌ಶಾಪಿನವರು ಹೊಸ ಎಂಜಿನ್ನೇ ಬೇಕೆಂದರು. ಅವರು ಹೇಳಿದ ದುಡ್ಡಿಗೆ ಗದ್ದೆ ಮಾರಬೇಕಿತ್ತು. ಒಂದು ತಿಂಗಳೊಳಗೆ ಬಸ್ಸು ಓಡದಿದ್ದರೆ ಪರ್ಮಿಟ್ಟು ರದ್ದು ಎಂದು ಕಚೇರಿಯಿಂದ ಕಾಗದವೂ ಬಂತು.

"ಪರ್ಮಿಟ್ಟು ಮಾರಿಬಿಡು. ಹೆಂಗಸರಿಗೆ ಎಂತಕ್ಕೆ ಬಸ್ಸಿನ ಉಸಾಬರಿ?" ಎಂದರು ಭಾವ.

ನಾನು ಬ್ಲಾಕನ್ನು ಬಿಚ್ಚಿಸಿ ಲಾರಿಗೆ ಹಾಕಿಸಿಕೊಂಡು ಗೋಣಿಕೊಪ್ಪಲಿಗೆ ಹೋದೆ.

"ಎಷ್ಟಾಗ್ತದೆ ಮೇಸ್ತ್ರಿಗಳೇ?" ಎಂದು ಕೇಳಿದೆ.

"ಎಷ್ಟು ಅಂತ ಆಮೇಲೆ ಕೇಳಿ ಅಮ್ಮ. ಎಂತಕ್ಕೆ ಅಂತ ಮೊದಲು ಕೇಳಿ," ಎಂದರು. ಆಮೇಲೆ ಸೀಮೆಸುಣ್ಣ ತೆಗೆದು ತಗಡಿನ ಗೋಡೆಯ ಮೇಲೆ ಬರೆಯತೊಡಗಿದರು. ಸವೆದ ಸಿಲಿಂಡರನ್ನು ಕೊರೆದು ಸಮ ಮಾಡುವ ಒಂದು ಬೋರಿಗೆ ಹದಿನೈದು ರೂಪಾಯಿ, ಆರು ಸಿಲಿಂಡರಿಗೆ ತೊಂಬತ್ತು. ಹೆಡ್ಡು ಮಟ್ಟ ಮಾಡುವುದಕ್ಕೆ ಇಷ್ಟು. ಕ್ರ್ಯಾಂಕು ಗ್ರೈಂಡಿಂಗಿಗೆ ಮೈಸೂರಿಗೇ ಹೋಗಬೇಕು, ಅದಕ್ಕೆ ಇಷ್ಟು. ಪಿಸ್ಟನ್ನು, ರಿಂಗು ಬೇರೆ. ಒಂದೊಂದು ಸಾಲಿಗೂ ಕಾರಣ ಹೇಳಿದರು. ಅಷ್ಟು ದಿನಗಳಲ್ಲಿ ನನಗೆ ಅರ್ಥವಾಗುವಂತೆ ಮಾತಾಡಿದ ಮೊದಲ ಮನುಷ್ಯ ಅವರು.

ಆದರೆ ಯಂತ್ರ ಹೂಡಲಿಲ್ಲ. "ಆಯಿಲ್ಲಿಗೆ ನೀರು ಬರ್ತಾ ಉಂಟಲ್ಲ, ಅದನ್ನು ನೋಡದೆ ಬೋರ್ ಹಾಕೋದಿಲ್ಲ," ಎಂದು ಬ್ಲಾಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಬಳಿದರು. ನಾವು ನೋಡುತ್ತಿದ್ದಂತೆ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಗೆರೆಯೊಂದು ಒದ್ದೆಯಾಗಿ ಮೂಡಿತು. ಬಿರುಕು.

"ಇದಕ್ಕೆ ಒಂದು ಕಾಸೂ ಹಾಕಬೇಡಿ."

"ಹಾಗಾದರೆ ಮಾರೋದೇ?" ಎಂದೆ.

"ಹೋಗಿದ್ದು ಬ್ಲಾಕು ಅಮ್ಮ, ಬಸ್ಸಲ್ಲ," ಎಂದು ಕೈ ತೊಳೆಯಲು ಎದ್ದರು. ಮರುದಿನ ಶೆಡ್ಡಿಗೆ ಬೀಗ ಹಾಕಿ ನನ್ನೊಂದಿಗೆ ಮೈಸೂರಿನ ಬಸ್ಸು ಹತ್ತಿದರು.

ಅಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿಗಳ ಸಾಮಾನು ಮಾರುವ ಅಂಗಡಿಯೊಂದಿತ್ತು. ವ್ಯಾಪಾರಿ ನನ್ನತ್ತ ತಿರುಗಿಯೂ ನೋಡದೆ ಮೇಸ್ತ್ರಿಗೆ ದರ ಹೇಳಿದ. "ಯಜಮಾನರು ಅವರು. ಅವರ ಹತ್ರ ಮಾತಾಡಿ," ಎಂದು ಇವರು ಹಿಂದೆ ಸರಿದು ನಿಂತರು. ನಾನು ಬ್ಲಾಕಿನ ಸುತ್ತ ಒಂದು ಸುತ್ತು ಬಂದೆ. ತೋರಿಸಿದ ಬ್ಲಾಕಿನ ಒಂದು ಪಕ್ಕಕ್ಕೆ ಮಾತ್ರ ಹೊಸ ಬಣ್ಣ ಬಳಿದಿತ್ತು.

"ಇಲ್ಲಿ ಮಾತ್ರ ಬಣ್ಣ ಎಂತಕ್ಕೆ?" ಎಂದೆ.

ವ್ಯಾಪಾರಿ ಏನೋ ಗೊಣಗಿದ. ಮೇಸ್ತ್ರಿ ಬಣ್ಣ ಕೆರೆದರು. ಅಡಿಯಲ್ಲಿ ಬೆಸುಗೆ ಹಾಕಿದ ಬಿರುಕು. ಅವರು ಹೊಗಳಲಿಲ್ಲ, "ಮುಂದಿನದು ನೋಡಿ" ಎಂದರು ಅಷ್ಟೆ. ಮೂರನೆಯ ಬ್ಲಾಕು ಸುಣ್ಣದ ಪರೀಕ್ಷೆಯಲ್ಲಿ ಗೆದ್ದಿತು. ಬಳೆ ಮಾರಿ ತಂದ ದುಡ್ಡನ್ನು ನಾನೇ ಎಣಿಸಿ ಕೊಟ್ಟೆ.

ಕೆಲಸ ನಡೆದಿದ್ದಾಗ ಒಂದು ದಿನ ಭಾಗಮಂಡಲಕ್ಕೆ ಮೇಸ್ತ್ರಿಯ ಆಳು ಬಂದ. ಒಂದು ಬೋರಿನ ಗೀರು ಆಳವಾಗಿದೆ, ಒಳಗೆ ಸ್ಲೀವ್ ಎಂಬ ಕಬ್ಬಿಣದ ಕೊಳವೆ ಕೂರಿಸಬೇಕು, ಇಪ್ಪತ್ತು ರೂಪಾಯಿ ಹೆಚ್ಚಾಗುತ್ತದೆ. ನೀವು ಹೂಂ ಎನ್ನುವವರೆಗೆ ಯಂತ್ರ ನಿಲ್ಲಿಸಿದ್ದೇನೆ ಎಂದು ಹೇಳಿಕಳಿಸಿದ್ದರು. ನಾನು ಹೂಂ ಎಂದೆ.

ಗಡುವಿಗೆ ನಾಲ್ಕು ದಿನ ಇರುವಾಗ ಬಸ್ಸು ಹೊರಟಿತು. ಮೇಸ್ತ್ರಿ ತಾವೇ ಬಂದು ಡ್ರೈವರಿನ ಪಕ್ಕ ಕೂತು, ಮಡಿಕೇರಿಯ ಏರು ಮುಗಿಯುವವರೆಗೆ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. ಇಳಿಯುವಾಗ, "ಸಾವಿರ ಮೈಲಿ ಅವಸರ ಮಾಡಬೇಡಿ. ಆಮೇಲೆ ಎಂತ ಹೆದರಿಕೆಯೂ ಇಲ್ಲ," ಎಂದರು. ಎಂಜಿನ್ನಿಗೆ ಹೇಳಿದ್ದೋ ನನಗೆ ಹೇಳಿದ್ದೋ, ಎರಡಕ್ಕೂ ಸರಿಹೋಯಿತು.

ಕೊಡಗು ಮೈಸೂರಿಗೆ ಸೇರುವ ಹಿಂದಿನ ಮಳೆಗಾಲದಲ್ಲಿ ಮೇಸ್ತ್ರಿ ತೀರಿಕೊಂಡರು. ಅಷ್ಟರಲ್ಲಿ ನನ್ನ ಎರಡನೆಯ ಬಸ್ಸೂ ಓಡುತ್ತಿತ್ತು. ಸುದ್ದಿ ಬೆಳಗಿನ ಜಾವ ಬಂತು. "ಇವತ್ತು ಟ್ರಿಪ್ಪು ನಿಲ್ಲಿಸೋದಾ ಅಕ್ಕಾ?" ಎಂದು ಡ್ರೈವರು ಕೇಳಿದ. ಬೇಡವೆಂದೆ. ಅವರು ಕೂಡಿಸಿಕೊಟ್ಟ ಎಂಜಿನ್ನನ್ನು ಅವರ ಹೆಸರಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಬಸ್ಸು ಏಳು ಗಂಟೆಗೆ ಸರಿಯಾಗಿ ಭಾಗಮಂಡಲ ಬಿಟ್ಟಿತು. ಮಡಿಕೇರಿಯಲ್ಲಿ ಇಳಿದು, ಬೇರೆಯವರ ಬಸ್ಸಿಗೆ ಟಿಕೆಟ್ಟು ತೆಗೆದುಕೊಂಡು, ನಾನು ಗೋಣಿಕೊಪ್ಪಲಿಗೆ ಹೋದೆ.