ಹನ್ನೆರಡು ಅಡಿಯ ತಪ್ಪು

ಹಳ್ಳಿಮೈಸೂರಿನ ಕಡೆಯ ಒಂದು ಊರಿನಲ್ಲಿ ಕೆರೆ ನೀರು ಬಿಡುವ ನೀರುಗಂಟಿ ಕೆಲಸ ಶಿವಯ್ಯನದು. ಯಾರ ಗದ್ದೆಗೆ ಯಾವ ಹೊತ್ತಿಗೆ ತೂಬು ಎತ್ತಬೇಕು ಎಂಬುದರಲ್ಲಿ ಅವನು ಹೇಳಿದ್ದೇ ಕೊನೆ. ಬದುಕಿನಲ್ಲಿ ಅವನು ಸಂಪಾದಿಸಿದ್ದು ಆ ಮಾತಿನ ಬೆಲೆಯೊಂದೇ. ಅದನ್ನೂ ಉಳಿಸಿಕೊಳ್ಳಲಿಲ್ಲ, ಪಾಪ.

ತೊಂಬತ್ತಾರರಲ್ಲಿ ಹಾಸನದಿಂದ ಗಿರಿಧರ ಎಂಬ ವಿಜ್ಞಾನಿ ಬಂದರು. ಒಳ್ಳೆಯ ಮನುಷ್ಯ, ಊರವರ ಜೊತೆ ಕೂತು ಮುದ್ದೆ ಉಂಡವರು. ದಿಣ್ಣೆಯಾಚೆ ಹರಿಯುವ ಕಾಲುವೆಯ ನೀರನ್ನು ಕೊಳವೆಯಲ್ಲಿ ದಿಣ್ಣೆ ಹತ್ತಿಸಿ ಈಚೆಯ ಕೆರೆಗೆ ಇಳಿಸುತ್ತೇನೆ, ಮೋಟಾರೂ ಬೇಡ, ಕರೆಂಟೂ ಬೇಡ ಎಂದರು. ಪೀಪಾಯಿಯ ಸೀಮೆಎಣ್ಣೆಯನ್ನು ಟ್ಯೂಬಿನಲ್ಲಿ ಒಮ್ಮೆ ಎಳೆದು ಬಿಟ್ಟರೆ ತಾನಾಗಿ ಸುರಿಯುವುದಿಲ್ಲವೇ, ಹಾಗೆ. ಕೆರೆ ಮಾತ್ರ ಕಾಲುವೆಗಿಂತ ತಗ್ಗಿನಲ್ಲಿರಬೇಕು.

"ಸಾ, ನನ್ ಕಣ್ಗೆ ಕೆರೆನೇ ಎತ್ರ ಕಾಣ್ತದೆ," ಎಂದ ಶಿವಯ್ಯ.

ಗಿರಿಧರ ನಕ್ಕರು. "ಕಣ್ಣು ಮೋಸ ಮಾಡುತ್ತೆ ಶಿವಯ್ಯ, ಲೆಕ್ಕ ಮಾಡಲ್ಲ."

ಕಾಲುವೆಯ ಎತ್ತರ ಕಚೇರಿಯ ನಕ್ಷೆಯಲ್ಲಿತ್ತು. ಕೆರೆಯ ಎತ್ತರ ತಿಳಿಯಲು ಅವರು ಮಾರಮ್ಮನ ಗುಡಿಯ ಜಗಲಿಯ ಮೇಲಿದ್ದ ಕಲ್ಲನ್ನು ಹಿಡಿದರು. ಅದು ಬ್ರಿಟಿಷರ ಕಾಲದ ಸರ್ವೆ ಕಲ್ಲು. ಅದು ನಿಂತ ಜಾಗದ ಎತ್ತರವನ್ನು ಅದರ ಮೇಲೇ ಕೆತ್ತಿದ್ದರು. ಪೂಜಾರಿಯ ಅಪ್ಪಣೆ ಕೇಳಿ, ಕುಂಕುಮ ಒರೆಸಿ, ಅಂಕಿ ಓದಿ, ಅಲ್ಲಿಂದ ಕೆರೆಯವರೆಗೆ ಅಳೆದರು. ಕೆರೆ ಕಾಲುವೆಗಿಂತ ಎಂಟು ಅಡಿ ತಗ್ಗು ಎಂದು ಬಂತು.

ಆ ಅಂಕಿ ಜಗಲಿಯದಲ್ಲ ಎಂದು ಶಿವಯ್ಯನಿಗೆ ಗೊತ್ತಿತ್ತು. ಆ ಕಲ್ಲು ಮೊದಲು ಇದ್ದದ್ದು ಕೆಳಗೆ, ಕೋಡಿಯ ಹತ್ತಿರ. ಇಪ್ಪತ್ತು ವರ್ಷದ ಹಿಂದೆ ದಾರಿಗೆ ಅಡ್ಡವೆಂದು ಕಿತ್ತು, ಗಾಡಿಯಲ್ಲಿ ಹೇರಿಕೊಂಡು ಬಂದು ಜಗಲಿಯ ಮೇಲಿಟ್ಟವನು ಅವನೇ. ಯಾರೋ ಅರಿಶಿನ ಹಚ್ಚಿದರು, ಇನ್ಯಾರೋ ಹರಕೆ ಹೊತ್ತರು, ಕಲ್ಲು ಉದ್ಭವ ದೇವರಾಗಿ ಕೂತಿತು. ಈಗ ಬಾಯಿಬಿಟ್ಟರೆ ದೇವರನ್ನೇ ಸುಳ್ಳು ಮಾಡಿದಂತೆ. ಅಷ್ಟು ಓದಿದವರು ಇನ್ನೊಂದು ಸಲ ಅಳೆದೇ ಅಳೆಯುತ್ತಾರೆ ಎಂದು ಸುಮ್ಮನಾದ. ಅವರು ಅಳೆಯಲಿಲ್ಲ. ದೊಡ್ಡ ಯೋಚನೆ ತಲೆಗೇರಿದವರಿಗೆ ಸಣ್ಣ ಅನುಮಾನ ಬರುವುದಿಲ್ಲ.

"ಕೆರೆಗೆ ನೀರ್ ಬತ್ತದೇನ್ಲಾ ಶಿವಯ್ಯ?" ಊರ ಯಜಮಾನ ತಿಮ್ಮಪ್ಪ ಎಲ್ಲರೆದುರು ಕೇಳಿದ.

"ಬತ್ತದೆ."

ಆ ಒಂದು ಮಾತಿಗೆ ಊರು ಹಳೆಯ ಹಳ್ಳವನ್ನು ಕೈಬಿಟ್ಟಿತು. ಗುಡ್ಡದ ಮಳೆನೀರನ್ನು ಕೆರೆಗೆ ತರುತ್ತಿದ್ದ ಹಳ್ಳ ಅದು. ಪ್ರತಿ ಮುಂಗಾರಿಗೆ ಮೊದಲು ಮನೆಗೊಂದಾಳು ಬಂದು ಹೂಳೆತ್ತುತ್ತಿದ್ದರು. ಇನ್ನೇಕೆ ಎಂದು ಪಕ್ಕದ ಹೊಲದವರು ಅದರ ಮೇಲೆಯೇ ನೇಗಿಲು ಹೂಡಿದರು.

ತೊಂಬತ್ತೆಂಟರಲ್ಲಿ ಕೊಳವೆಗೆ ನೀರು ತುಂಬಿಸಿ ಬಾಯಿ ತೆರೆದರು. ಒಳಗಿದ್ದಷ್ಟು ಸುರಿದು ನಿಂತಿತು. ಎಲ್ಲೋ ಗಾಳಿ ಹೊಕ್ಕಿದೆ ಎಂದು ಗಿರಿಧರ ಆರು ತಿಂಗಳು ಒದ್ದಾಡಿದರು. ಕೊನೆಗೆ ಕಾಲುವೆಯಿಂದಲೇ ಅಳೆಯುತ್ತ ಬಂದರೆ ಕೆರೆ ನಾಲ್ಕು ಅಡಿ ಎತ್ತರದಲ್ಲಿತ್ತು. ಒಟ್ಟು ಹನ್ನೆರಡು ಅಡಿಯ ತಪ್ಪು. "ಕಲ್ಲಲ್ಲಿ ಕೆತ್ತುವಾಗಲೇ ತಪ್ಪಿರಬೇಕು. ಆದರೂ ಎರಡನೇ ಸಲ ಅಳೆಯದೆ ಇದ್ದದ್ದು ನನ್ನ ತಪ್ಪು," ಎಂದು ಊರಿನ ಮುಂದೆ ಕೈಮುಗಿದರು. ಜನ ಬಾಯಿಗೆ ಬಂದಂತೆ ಬೈದರು. ಶಿವಯ್ಯ ಹಿಂದೆ ನಿಂತು ನೆಲ ನೋಡುತ್ತಿದ್ದ.

ಆಮೇಲೆ ಕೆರೆ ತುಂಬಲೇ ಇಲ್ಲ. ವರ್ಷವರ್ಷವೂ ಅವನೊಬ್ಬನೇ ಗುದ್ದಲಿ ಹಿಡಿದು ಹಳ್ಳ ಬಿಡಿಸುತ್ತಿದ್ದ, ಬಿಡಿಸಿದ್ದನ್ನು ಯಾರೋ ಉಳುತ್ತಿದ್ದರು. ಸೊಂಟ ಸೋತಿತು, ಮನಸ್ಸು ಅದಕ್ಕೂ ಮೊದಲೇ ಸೋತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಗಿರಿಧರ ತೀರಿಕೊಂಡ ಸುದ್ದಿ ಬಂತು. ಶಿವಯ್ಯ ತಡೆಯಲಾಗದೆ ತಿಮ್ಮಪ್ಪನ ಮನೆಗೆ ಹೋದ.

"ಗೌಡ್ರೇ, ಆ ಕಲ್ನ ಕೋಡಿ ತಾವಿಂದ ಮ್ಯಾಕೆ ತಂದಿಟ್ಟೋನು ನಾನು. ಆ ಪುಣ್ಯಾತ್ಮ ಒಬ್ರೇ ಬೈಸ್ಕಂಡ್ರು."

ತಿಮ್ಮಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ.

"ಗೊತ್ತು ಕಣ್ಲಾ. ನೀನು ಗಾಡೀಲಿ ತಂದಿದ್ದ ನಾವೆಲ್ಲ ನೋಡಿದ್ದೋ."

"ಮತ್ತೆ ಅವತ್ತು ಯಾಕೆ ಯಾರೂ ಏಳ್ಲಿಲ್ಲ?"

"ಏಳಾನ ಅಂತಿದ್ದೋ. ಅಷ್ಟ್ರಲ್ಲಿ ನೀನೇ ನೀರ್ ಬತ್ತದೆ ಅಂದ್ಬುಟ್ಟೆ. ನೀರಿನ್ ವಿಸ್ಯದಲ್ಲಿ ನಿನ್ ಮಾತ್ ಮೀರಿ ಯಾವತ್ತು ಮಾತಾಡಿದ್ದೋ ನಾವು?"